ಹೊಸ ಜನರೇಶನ್ ಗ್ರಾಫಿಕ್ಸ್ ಕಾರ್ಡ್‌ಗೆ ಕಾಯಬೇಕಾ? ಅಜ್ಜನ ಮನೆ ಪ್ರಾಜೆಕ್ಟ್, ಮೂರನೇ ತಿಂಗಳು

ಅಜ್ಜನ ಮನೆ ಇನ್ನೂ ಮುಗಿದಿಲ್ಲ. ಕುಂದಾಪುರದ ಆ ಮನೆ ಕೆಡವುವ ಮೊದಲು ತೆಗೆದಿಟ್ಟ ಫೋಟೊ ನೋಡಿಕೊಂಡು ಬ್ಲೆಂಡರ್ ಅನ್ನುವ 3ಡಿ ಸಾಫ್ಟ್‌ವೇರ್‌ನಲ್ಲಿ ಕಟ್ಟುತ್ತಿದ್ದೇನೆ. ಹಂಚಿನ ಮಾಡು, ಜಗಲಿ, ತುಳಸಿಕಟ್ಟೆ ಆಯಿತು. ಕಳೆದ ವಾರ ಅಂಗಳದ ಕಡೆಯಿಂದ ರೆಂಡರ್ (3ಡಿ ಮಾಡೆಲನ್ನು ಚಿತ್ರವಾಗಿಸುವ ಕೆಲಸ) ಒತ್ತಿದೆ. ಜಿಪಿಯು, ಅಂದರೆ ಗ್ರಾಫಿಕ್ಸ್ ಕಾರ್ಡ್‌ನ ಮೆಮೊರಿ ಸಾಲದು ಅಂತ ನಿಂತೇಬಿಟ್ಟಿತು.

ನನ್ನ ಕಾರ್ಡ್ ಎನ್‌ವಿಡಿಯಾ ಕಂಪನಿಯ ಜಿಟಿಎಕ್ಸ್ 1060, ಮೆಮೊರಿ 6 ಜಿಬಿ. 2016ರಲ್ಲಿ ಬಂದ ಮಾಡೆಲ್. ಅಕ್ಟೋಬರ್ 2025ರ ನಂತರ ಇದಕ್ಕೆ ಭದ್ರತೆಯ ಅಪ್‌ಡೇಟ್ ಬಿಟ್ಟರೆ ಹೊಸ ಡ್ರೈವರ್ (ಕಾರ್ಡ್ ನಡೆಸುವ ಸಾಫ್ಟ್‌ವೇರ್) ಕೂಡ ಇಲ್ಲ. "ಈಗ ತಗೊಳ್ಬೇಡ ಮಾರಾಯ, ಮುಂದಿನ ಜನರೇಶನ್ ಬರಲಿ" ಎಂದ ಆಫೀಸಿನ ಗೆಳೆಯ. 40 ಸರಣಿಯ ಕಾರ್ಡ್ ಬರುವ ಮೊದಲೂ ಇದನ್ನೇ ಹೇಳಿದ್ದ, 50 ಬರುವ ಮೊದಲೂ ಇದನ್ನೇ.

ಮುಂಬೈ ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಹಳೇ ಬಿಡುಗಡೆ ತಾರೀಕು ನೋಡಿದೆ. ಹೆಸರಿನ ಮೊದಲ ಎರಡಂಕಿ ಸರಣಿ; ಕೊನೆಯಲ್ಲಿ 80, 90 ಇದ್ದರೆ ದುಬಾರಿ, 60 ಇದ್ದರೆ ನಮ್ಮಂಥವರದು. 3080 ಬಂದದ್ದು ಸೆಪ್ಟೆಂಬರ್ 2020, 3060 ಬಂದದ್ದು ಫೆಬ್ರವರಿ 2021. 4090 ಅಕ್ಟೋಬರ್ 2022, 4060 ಜೂನ್ 2023. 5090 ಜನವರಿ 2025, 5060 ಅದೇ ವರ್ಷ ಮೇ ತಿಂಗಳು. ಮದುವೆ ಊಟದ ಹಾಗೆ, ನಮ್ಮಂಥವರ ಕಾರ್ಡ್‌ಗೆ ಯಾವಾಗಲೂ ಎರಡನೇ ಪಂಕ್ತಿ. ಅಂದರೆ ಹೊಸದು ಬಂತು ಅಂತ ಸುದ್ದಿಯಾದ ಮೇಲೂ ನಾನು ನಾಲ್ಕರಿಂದ ಎಂಟು ತಿಂಗಳು ಕಾಯಬೇಕು.

ಸರಿ, ಇರುವುದನ್ನೇ ನೋಡೋಣ ಅಂತ ಶನಿವಾರ ಕ್ಯಾಬಿನೆಟ್ ಬಿಚ್ಚಿದೆ. ಡೊಂಬಿವಲಿಯ ಧೂಳು, ಮಳೆಗಾಲದ ತೇವ ಎರಡೂ ಸೇರಿ ಹೀಟ್‌ಸಿಂಕ್ (ಬಿಸಿ ಹೊರಹಾಕುವ ಲೋಹದ ಪಟ್ಟಿಗಳು) ಸಂದಿಯಲ್ಲಿ ಕಂಬಳಿ ಚೂರಿನಂಥ ಬೂದು ಪದರ. ಬ್ರಷ್‌ಗೆ ಬರಲಿಲ್ಲ, ಚಿಮುಟದಲ್ಲಿ ಎಳೆದೆ. ಚಿಪ್‌ನ ಬಿಸಿಯನ್ನು ಹೀಟ್‌ಸಿಂಕ್‌ಗೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿ ಉಗುರಿಗೆ ಪುಡಿಪುಡಿಯಾಗಿ ಬಂತು. ಹೊಸದು ಹಚ್ಚಿದ ಮೇಲೆ ಬಿಸಿ 84 ಡಿಗ್ರಿಯಿಂದ 71ಕ್ಕೆ ಇಳಿಯಿತು.

ಮೆಮೊರಿ ಎಲ್ಲಿ ಹೋಗುತ್ತಿದೆ ಅನ್ನುವುದು ಆಮೇಲೆ ಗೊತ್ತಾಯಿತು. ತಪ್ಪು ನಂದೇ. ಹಂಚು, ಗೋಡೆ, ಬಾಗಿಲು ಎಲ್ಲದಕ್ಕೂ 4ಕೆ ಟೆಕ್ಸ್ಚರ್ (ಮೇಲ್ಮೈಗೆ ಅಂಟಿಸುವ ಚಿತ್ರ) ಹಾಕಿದ್ದೆ. 4096 ಅಗಲ, 4096 ಎತ್ತರ, ಒಂದು ಪಿಕ್ಸೆಲ್‌ಗೆ 4 ಬೈಟ್. ಫೈಲ್ ಎಷ್ಟೇ ಚಿಕ್ಕದಿರಲಿ, ಕಾರ್ಡ್‌ನೊಳಗೆ ಬಿಚ್ಚಿಕೊಂಡರೆ ಒಂದೊಂದೂ 64 ಎಂಬಿ. ನನ್ನಲ್ಲಿ ಇದ್ದದ್ದು 43. ಅದರಲ್ಲೇ 2.7 ಜಿಬಿ ಹೋಯಿತು! ದೂರದ ಗೋಡೆಗೆ ಯಾಕಪ್ಪಾ 4ಕೆ? ಹತ್ತಿರ ಕಾಣುವ ಕಂಬ, ಬಾಗಿಲು ಬಿಟ್ಟು ಉಳಿದದ್ದನ್ನೆಲ್ಲ 2ಕೆ ಮಾಡಿದೆ. ಅಗಲ, ಎತ್ತರ ಎರಡೂ ಅರ್ಧ, ಮೆಮೊರಿ ಕಾಲು ಭಾಗ. ರೆಂಡರ್ ಓಡಿತು.

ಹಾಗಾದರೆ ಕಾಯಬಹುದಲ್ವಾ? ನನಗೂ ಹಾಗೇ ಅನ್ನಿಸಿತು. ಆದರೆ ಒಂದು ಫ್ರೇಮ್‌ಗೆ 11 ನಿಮಿಷ. ಬಾಗಿಲಿಂದ ಅಂಗಳದವರೆಗೆ ನಡೆಯುವ ಅರ್ಧ ನಿಮಿಷದ ವಿಡಿಯೊಗೆ 720 ಫ್ರೇಮ್ ಬೇಕು. ಒಟ್ಟು 132 ಗಂಟೆ, ಅಂದರೆ ಐದೂವರೆ ದಿನ. ಇದು ಒಂದೇ ಬೆಡ್‌ರೂಮಿನ ಮನೆ, ಕಂಪ್ಯೂಟರ್ ಇರುವುದು ಮಂಚದ ಪಕ್ಕ. 1060ರಲ್ಲಿ ರೇ ಟ್ರೇಸಿಂಗ್, ಅಂದರೆ ಬೆಳಕಿನ ಕಿರಣ ಹೇಗೆ ಹರಿಯುತ್ತದೆ ಅನ್ನುವ ಲೆಕ್ಕಕ್ಕೆಂದೇ ಇರುವ ಕೋರ್ ಇಲ್ಲ, ಆಮೇಲಿನ ಆರ್‌ಟಿಎಕ್ಸ್ ಕಾರ್ಡ್‌ಗಳಲ್ಲಿ (ಮೇಲಿನ 30, 40, 50 ಸರಣಿ) ಇದೆ. ಆ ವ್ಯತ್ಯಾಸ ಈಗಿನ ಜನರೇಶನ್‌ನಲ್ಲೇ ಸಿಗುತ್ತದೆ, ಮುಂದಿನದು ಬೇಕಿಲ್ಲ.

ಹಾಗಾಗಿ 5060ಕ್ಕಿಂತ ಒಂದು ಮೆಟ್ಟಿಲು ಮೇಲಿನ 5060 ಟಿಐ, 16 ಜಿಬಿ ಅಂತ ತೀರ್ಮಾನ. 8 ಜಿಬಿಯದು ಕೊಟ್ಟರೂ ಬೇಡ. ನನ್ನ ಬಿ450 ಮದರ್‌ಬೋರ್ಡ್‌ನದು ಹಳೇ ಪಿಸಿಐಇ 3.0 (ಕಾರ್ಡ್‌ಗೂ ಕಂಪ್ಯೂಟರ್‌ಗೂ ನಡುವಿನ ಡೇಟಾ ದಾರಿ), ಈ ಕಾರ್ಡ್ ಬಳಸುವುದು ಅದರ ಎಂಟೇ ಲೇನ್. ಸೀನ್ ಪೂರ್ತಿ ಕಾರ್ಡ್‌ನಲ್ಲೇ ಹಿಡಿದರೆ ಪರವಾಗಿಲ್ಲ, ಹೊರಗೆ ಚೆಲ್ಲಿದರೆ ಆ ಸಣ್ಣ ದಾರಿಯಲ್ಲಿ ಓಡಾಡಬೇಕು.

ಕಾರ್ಡ್ 180 ವ್ಯಾಟ್, ನನ್ನ ಎಸ್‌ಎಂಪಿಎಸ್ (ಕಂಪ್ಯೂಟರ್‌ಗೆ ಕರೆಂಟ್ ಕೊಡುವ ಡಬ್ಬ) ಹಳೇ 450. ಮೊದಲು ಅದನ್ನೇ ಬದಲಿಸಿದೆ. ದಾದರ್‌ನಲ್ಲಿ ರೈಲು ಬದಲಿಸಿ ಗ್ರಾಂಟ್ ರೋಡ್‌ನಲ್ಲಿ ಇಳಿದು, ಲ್ಯಾಮಿಂಗ್ಟನ್ ರೋಡ್‌ನಲ್ಲಿ ಮೂರು ಅಂಗಡಿ ಸುತ್ತಿ 650 ವ್ಯಾಟ್‌ನದು ತಂದೆ. ವಾಪಸ್ ಬರುವಾಗ ರಶ್‌ನಲ್ಲಿ ಅದನ್ನು ಮಗುವಿನ ಹಾಗೆ ಎದೆಗೆ ಅವುಚಿಕೊಂಡಿದ್ದೆ.

ಟೇಪ್ ಹಿಡಿದು ಅಳೆದಾಗ ಇನ್ನೊಂದು ತೊಂದರೆ. ಹಾರ್ಡ್ ಡಿಸ್ಕ್ ಗೂಡು ಅಡ್ಡ ಬಂದು 26 ಸೆಂಟಿಮೀಟರ್ ಮಾತ್ರ ಜಾಗ. ಮೂರು ಫ್ಯಾನಿನ ಉದ್ದ ಕಾರ್ಡ್ ಹಿಡಿಸುವುದು ಕಷ್ಟ. ಮುಂದಿನ ಶನಿವಾರ ಟೇಪ್ ಜೇಬಲ್ಲಿಟ್ಟುಕೊಂಡೇ ಹೊರಡುತ್ತೇನೆ.