ಕೊನೆಯ ಎರಡು ಹಾಳೆ

ನಾವು ಓದುವಾಗ ಶಾಲೆಯ ಲೈಬ್ರರಿ ಎಂದರೆ ಸ್ಟಾಫ್ ರೂಮಿನ ಮೂಲೆಯ ಒಂದು ಕಬ್ಬಿಣದ ಬೀರು. ಅದರಲ್ಲಿ ಒಂದೇ ಒಂದು ಇಂಗ್ಲಿಷ್ ಕಾಮಿಕ್ಸ್ ಇತ್ತು. ಕಡಲ ದಂಡೆಯ ಊರು, ನಾಲ್ಕು ಜನ ಪುಟ್ಟ ಪತ್ತೇದಾರರು. ರಾತ್ರಿಯಾದರೆ ನೀರಿನಿಂದ ರಾಕ್ಷಸ ಎದ್ದು ಬಂದು ಮೀನುಗಾರರನ್ನು ಓಡಿಸುತ್ತಿದ್ದ. ಕೊನೆಯ ಎರಡು ಹಾಳೆ ಹರಿದುಹೋಗಿದ್ದವು.

ಕೊಡಗಿನ ನಮ್ಮ ಸಿದ್ದಾಪುರದ ಮಳೆಗಾಲ ನಿಮಗೆ ಗೊತ್ತಲ್ಲ. ಕಾವೇರಿ ಉಕ್ಕಿದರೆ ಕರಡಿಗೋಡಿನ ಮಕ್ಕಳು ಬರುತ್ತಿರಲಿಲ್ಲ, ಅರ್ಧ ಕ್ಲಾಸು ಖಾಲಿ. ಎಂಟನೇ ಕ್ಲಾಸಿನಲ್ಲಿ ಅಂಥ ಒಂದು ದಿನ ವಿಜ್ಞಾನದ ಸಾರ್ ಆ ಪುಸ್ತಕ ತಂದರು. ಒಂದೊಂದೇ ಚಿತ್ರ ತೋರಿಸಿ ಕನ್ನಡದಲ್ಲಿ ಕಥೆ ಹೇಳಿದರು. ಹಾಳೆ ಮುಗಿದಲ್ಲಿ ನಿಲ್ಲಿಸಿಬಿಟ್ಟರು.

"ಮುಂದೇನು ಸಾರ್?"

"ನೀವೇ ಹೇಳಿ. ಚಿತ್ರದಲ್ಲೇ ಇದೆ."

ಪುಸ್ತಕ ಮೂರು ದಿನ ಬೆಂಚಿನಿಂದ ಬೆಂಚಿಗೆ ಹೋಯಿತು. ಕಂಡುಹಿಡಿದವಳು ಕಾಫಿ ತೋಟದ ಕೆಲಸಗಾರರ ಲೈನ್ ಮನೆಯಿಂದ ಬರುತ್ತಿದ್ದ ಒಬ್ಬ ಹುಡುಗಿ. ಕ್ಲಾಸಿನಲ್ಲಿ ಬಾಯಿ ಬಿಟ್ಟವಳೇ ಅಲ್ಲ. ರಾಕ್ಷಸ ಮುಳುಗಿದ ಪ್ರತಿ ಚಿತ್ರದಲ್ಲೂ ನೀರಿನ ಮೇಲೆ ಗುಳ್ಳೆಗಳ ಸಾಲು ಇತ್ತು. "ಕಿವಿರು ಇರೋ ಮೀನು ಹೀಗೆ ಸಾಲಾಗಿ ಗುಳ್ಳೆ ಬಿಡಲ್ಲ ಅಲ್ವಾ ಸಾರ್? ಇದು ಉಸಿರು. ಒಳಗೆ ಮನುಷ್ಯ ಇದ್ದಾನೆ." ಸಾರ್ ಖುಷಿಯಿಂದ ಬೋರ್ಡಿನ ಮೇಲೆ ಮುಳುಗುಗಾರನ ಚಿತ್ರ ಬರೆದರು. ಬೆನ್ನಿನ ಸಿಲಿಂಡರಿನಿಂದ ಎಳೆದ ಗಾಳಿಯನ್ನು ಅವನು ನೀರಿಗೇ ಬಿಡುತ್ತಾನೆ, ಅದು ಗುಳ್ಳೆಯಾಗಿ ಮೇಲೆ ಬರುತ್ತದೆ.

ಆ ವರ್ಷ ಬೇಸಿಗೆಯಲ್ಲಿ ಕಾಫಿ ಹೂ ಅರಳಿಸುವ ಹೂ ಮಳೆಗೆ ಮುಂಚೆ, ಹೊಳೆ ಇಳಿದು ಬಂಡೆಗಳು ಕಾಣುವ ಹೊತ್ತಿಗೆ, ನಮ್ಮಲ್ಲೂ ಒಂದು ಸುದ್ದಿ ಹಬ್ಬಿತು. ಮಡುವಿನಲ್ಲಿ ಏನೋ ಇದೆಯಂತೆ. ಬಲೆ ಹರಿದಿತ್ತು. ಸಂಜೆ ಯಾರೋ ಮೂರು ಡುಬ್ಬದ ಉದ್ದನೆಯ ಕಪ್ಪು ಬೆನ್ನು ನೋಡಿದ್ದರು. ನಾವು ಐದು ಜನ ಬಿದಿರು ಮೆಳೆಯ ಹಿಂದೆ ಕೂತೆವು. ಬಂಡೆಯ ಮೇಲೆ ಅರ್ಧ ತಿಂದ ಮೀನು, ಮೀನಿನ ಹುರುಪೆ ತುಂಬಿದ ಹಿಕ್ಕೆ. ಎಷ್ಟೋ ಹೊತ್ತಿನ ಮೇಲೆ ನೀರಿನಲ್ಲಿ ಗುಳ್ಳೆಗಳ ಸಾಲೊಂದು ನಮ್ಮ ಕಡೆಗೇ ಹೊರಟಿತು. ನನ್ನ ಕೈಕಾಲು ತಣ್ಣಗಾದವು. ಅವಳು ಮಾತ್ರ ಪಿಸುಗುಟ್ಟಿದಳು, "ಉಸಿರು."

ಮೀಸೆಯ ತಲೆ ಒಂದು ಎದ್ದಿತು. ಹಿಂದೆಯೇ ಇನ್ನೆರಡು. ನೀರುನಾಯಿಗಳು! ಒಂದರ ಹಿಂದೆ ಒಂದು ಈಜುವಾಗ ಮೂರೂ ಸೇರಿ ಒಂದೇ ಪ್ರಾಣಿಯಂತೆ ಕಾಣುತ್ತಿದ್ದವು.

ಸ್ಕಾಟ್ಲೆಂಡಿನ ಲಾಕ್ ನೆಸ್ ಸರೋವರದ ರಾಕ್ಷಸನದು ಅಂತ ಒಂದು ಫೋಟೋ 1934ರಲ್ಲಿ ಪೇಪರಿನಲ್ಲಿ ಬಂದಿತ್ತು. ಅದು ಆಟಿಕೆ ಸಬ್‌ಮರೀನಿಗೆ ಕೂರಿಸಿದ ಬೊಂಬೆ ತಲೆ ಅಂತ ಬಯಲಾಗಿದ್ದು 1994ರಲ್ಲಿ. 60 ವರ್ಷ! ಅದನ್ನು ಓದಿದ ದಿನ ನನಗೆ ನೆನಪಾಗಿದ್ದು ಅವಳೇ.

ಒಂಬತ್ತನೇ ಕ್ಲಾಸಿಗೆ ಅವಳು ಬರಲಿಲ್ಲ. ಮನೆಯವರು ಬೇರೆ ತೋಟಕ್ಕೆ ಹೋದರಂತೆ. ಹರಿದ ಹಾಳೆಗಳ ಜಾಗಕ್ಕೆ ಅವಳ ಕೈಯಲ್ಲೇ ಕಥೆಯ ಕೊನೆ ಬರೆಸಿ ಸಾರ್ ದಾರ ಹಾಕಿ ಹೊಲಿದಿದ್ದರು. ಆ ಪುಸ್ತಕ ಇನ್ನೂ ಶಾಲೆಯಲ್ಲಿದ್ದರೆ ದಯವಿಟ್ಟು ಹುಡುಕಿ. ಆ ಎರಡು ಹಾಳೆಗಳನ್ನು ಶಾಲೆಯ ಪತ್ರಿಕೆಯ ಮುಂದಿನ ಸಂಚಿಕೆಯಲ್ಲಿ ಅವಳ ಹೆಸರಿನಲ್ಲೇ ಅಚ್ಚು ಹಾಕಿ.