ಕೆಂಪು ಶಾಯಿಯ ‘ಹ್ಯಾಂಗ?’

ಊರನ್ನು ಎಲ್ಲರೂ ಇನ್ನೂ ಬಿಜಾಪುರ ಎಂದೇ ಕರೆಯುತ್ತಿದ್ದ ಕಾಲ. ಬಿ.ಎ. ಕೊನೆಯ ವರ್ಷ, ಐಚ್ಛಿಕ ಕನ್ನಡ, ಕ್ಲಾಸಿನಲ್ಲಿ ಹನ್ನೊಂದು ಜನ. ಗೈಡಿನ ಮಾತನ್ನು ಹಿಂದುಮುಂದು ಮಾಡಿ ಪುಟ ತುಂಬಿಸಿದರೆ ಪ್ರಬಂಧ ಆಯಿತು ಎಂದು ನಾವೆಲ್ಲ ನಂಬಿದ್ದೆವು.

ಸರ್ ಕೊಟ್ಟದ್ದು ಬಸವಣ್ಣನವರ ‘ಉಳ್ಳವರು ಶಿವಾಲಯವ ಮಾಡುವರು’ ವಚನ. ನಾನು ಆರು ಪುಟ ಬರೆದೆ. ಬಾಗೇವಾಡಿ, ಕಲ್ಯಾಣ, ಅನುಭವ ಮಂಟಪ, ಸಮಾನತೆ ಎಲ್ಲಾ ಬಂತು. ‘ಮಾರ್ಮಿಕವಾಗಿ’ ಅಂತೂ ಐದು ಸಲ. ನೋಟ್‌ಬುಕ್ ವಾಪಸ್ ಬಂದಾಗ ಆ ಐದೂ ಕಡೆ ಕೆಂಪು ಶಾಯಿಯಲ್ಲಿ ಒಂದೇ ಪ್ರಶ್ನೆ: ‘ಹ್ಯಾಂಗ?’ ಕೊನೆಗೆ ಒಂದು ಸಾಲು: ‘ಬಸವಣ್ಣನವರು ಅದಾರ, ವಚನ ಎಲ್ಲೈತಿ?’

ಸಿಟ್ಟು ಬಂತು. ಆರು ಪುಟ ಸುಮ್ನೆ ಬರೆದೆನಾ?

ಮರುದಿನ ಸರ್ ವಚನವನ್ನು ಬೋರ್ಡಿನ ಮೇಲೆ ಬರೆದು, ‘ಮಾಡು’ ಎಲ್ಲೆಲ್ಲಿ ಐತಿ ಹುಡುಕ್ರಿ ಎಂದರು. ಉಳ್ಳವರು ಮಾಡುವರು, ನಾನೇನ ಮಾಡಲಿ ಬಡವನಯ್ಯಾ. ಎರಡು ಸಲ. ಆಮೇಲೆ? ‘ಎನ್ನ ಕಾಲೇ ಕಂಬ, ದೇಹವೇ ದೇಗುಲ’ ಎಂಬಲ್ಲಿ ಕ್ರಿಯಾಪದವೇ ಇಲ್ಲ! ಬಡವ ಗುಡಿ ಮಾಡುವುದಿಲ್ಲ, ತಾನೇ ಗುಡಿ. ಇನ್ನು ವಚನ ಶುರುವಾಗುವುದು ‘ಉಳ್ಳವರು’ ಎಂದು, ಮುಗಿಯುವುದು ‘ಇಲ್ಲ’ ಎಂದು. ಸ್ಥಾವರಕ್ಕಳಿವುಂಟು, ಜಂಗಮಕ್ಕಳಿವಿಲ್ಲ. ನಿಂತಲ್ಲೇ ನಿಂತದ್ದು ಅಳಿಯುತ್ತದೆ, ಚಲಿಸುವುದಕ್ಕೆ ಅಳಿವಿಲ್ಲ. ಉಳ್ಳವರು ಕಟ್ಟಿದ್ದಕ್ಕೆ ಕಡೆಗೆ ಉಂಟಾಗುವುದು ಅಳಿವು. ಏನೂ ಇಲ್ಲದವನಿಗೆ ಆ ಅಳಿವೂ ಇಲ್ಲ. ನನ್ನ ಆರು ಪುಟದಲ್ಲಿ ಇದರ ಸುಳಿವೇ ಇರಲಿಲ್ಲ.

ಹಿಂದಿನ ಬೆಂಚಿನ ಗೆಳತಿ ಎದ್ದು ನಿಂತಳು. ‘ಸರ್, ಬಸವಣ್ಣನವರು ಬಿಜ್ಜಳ ರಾಜನ ಭಂಡಾರಿ ಇದ್ರಲ್ರೀ. ಬಡವ ಹ್ಯಾಂಗ ಆಗ್ತಾರ?’ ನಾವು ನಕ್ಕೆವು. ಸರ್ ನಗಲಿಲ್ಲ. ‘ಈಗ ಪ್ರಬಂಧ ಸುರು ಆತು ನೋಡ್ರಿ’ ಎಂದರು. ವಚನದೊಳಗಿನ ‘ನಾನು’, ಅದನ್ನು ಹೇಳಿದವರು, ಇಬ್ಬರೂ ಒಂದೇ ಎಂದು ಮೊದಲೇ ಒಪ್ಪಿಕೊಳ್ಳಬೇಡಿ. ಭಂಡಾರ ನೋಡಿಕೊಳ್ಳುವವರು ಬಡವನ ದನಿಯಲ್ಲಿ ಯಾಕೆ ಮಾತಾಡಿದರು, ಅದನ್ನು ಬರೀರಿ ಎಂದರು. ಯಾರೂ ಜಗಳ ತೆಗೆಯಲಾಗದ ಮಾತು ವಾದವೇ ಅಲ್ಲ ಎನ್ನುವುದು ಅವರ ಲೆಕ್ಕ. ನಮ್ಮ ಓದಿಗೆ ಅಡ್ಡ ಬರುವ ಪದವಿದ್ದರೆ ಮುಚ್ಚಿಡಬಾರದು, ಅದನ್ನೇ ಮುಂದಿಟ್ಟುಕೊಳ್ಳಬೇಕು. ‘ಶಿರ ಹೊನ್ನ ಕಳಶ’ ಅಂಥದ್ದು. ಬಡವನ ಗುಡಿಗೆ ಹೊನ್ನು ಎಲ್ಲಿಂದ ಬಂತು? ಕೇಳಬೇಕಾದ ಪ್ರಶ್ನೆಯೇ, ಅಲ್ವಾ?

ಗೈಡು ಹಿಡಿದು ಬಂದವರಿಗೆ ಮಾತ್ರ ಫ.ಗು. ಹಳಕಟ್ಟಿಯವರ ಕಥೆ. ಇದೇ ಊರಿನಲ್ಲಿ ವಕೀಲರಾಗಿದ್ದವರು ವಚನಗಳ ತಾಳೆಗರಿ ಹುಡುಕಿ ಹುಡುಕಿ 1923ರಲ್ಲಿ ‘ವಚನಶಾಸ್ತ್ರ ಸಾರ’ ಎಂಬ ವಚನಗಳ ಸಂಗ್ರಹ ತಂದರು. ಆಮೇಲೆ ಮನೆ ಮಾರಿ ಛಾಪಖಾನೆ ಹಾಕಿದರು. ‘ಅವರು ಮನಿ ಮಾರಿದ್ರು. ನಿಮಗ ಒಂದ್ ಸಲ ನೆಟ್ಟಗ ಓದಾಕ ಆಗೂದಿಲ್ಲ?’ ಆ ದಿನ ಗೈಡು ಚೀಲದಿಂದ ಹೊರಗೆ ಬರುತ್ತಿರಲಿಲ್ಲ.

ವಾರ್ಷಿಕ ಪರೀಕ್ಷೆಯಲ್ಲಿ ಅದೇ ವಚನ ಬಂತು. ಅಕ್ಕಪಕ್ಕದವರು ಹೆಚ್ಚಿನ ಹಾಳೆ ಕೇಳುತ್ತಿದ್ದರು. ನನ್ನದು ಎರಡೂವರೆ ಪುಟಕ್ಕೆ ಮುಗಿಯಿತು. ‘ಮಾಡು’ ಬರೆದೆ, ‘ಉಂಟು-ಇಲ್ಲ’ ಬರೆದೆ, ಭಂಡಾರಿಯ ಪ್ರಶ್ನೆಯನ್ನೂ ಬರೆದೆ. ಹೊರಗೆ ಚಹಾದಂಗಡಿಯಲ್ಲಿ ಸರ್ ಸಿಕ್ಕರು.

‘ಹೊನ್ನ ಕಳಶದ ಬಗ್ಗೆ ಏನ್ ಬರದಿ?’

‘ಮರತೆ ಸರ್.’

‘ಹೋತಲ್ಲೋ ತಮ್ಮಾ ಬಂಗಾರ!’ ಎಂದು ಜೋರಾಗಿ ನಕ್ಕರು. ನನ್ನ ಚಹಾದ ದುಡ್ಡನ್ನೂ ಅವರೇ ಕೊಟ್ಟರು.