ಆಟಕ್ಕೆ 12, ಕೂಟಕ್ಕೆ 3

ಬೆಳಿಗ್ಗೆ ಆರೂಕಾಲಿಗೆ ದೊಡ್ಡಪ್ಪನ ಫೋನು. "ಎಂತದೇ ಕೂಸೇ, ಎಲ್ಲಾ ಮಂಜು ಮಂಜು ಕಾಣ್ತು. ನನ್ನ ಕಣ್ಣೇ ಹೋತನ ಅಂದ್ಕಂಡಿ."

ಕಣ್ಣು ಸರಿಯಾಗೇ ಇತ್ತು. ಹಿಂದಿನ ರಾತ್ರಿ ನಮ್ಮೂರ ಯಕ್ಷಗಾನದ ಆಟದ ವೀಡಿಯೊ ಯೂಟ್ಯೂಬಿಗೆ ಹಾಕಿ ಮಲಗಿದ್ದೆ. ಯೂಟ್ಯೂಬ್ ಮೊದಲು ಸಣ್ಣ ಪ್ರತಿಯೊಂದನ್ನು ತಯಾರಿಸಿ ತೋರಿಸುತ್ತದೆ, ಎಚ್‌ಡಿ ಆಮೇಲೆ ಬರುತ್ತದೆ. ಮೂರು ಗಂಟೆಯ ವೀಡಿಯೊ ಆದರೆ ಸುಮಾರು ಹೊತ್ತು ಕಾಯಬೇಕು. ದೊಡ್ಡಪ್ಪ ಕಾಫಿಗೂ ಮೊದಲೇ ಫೋನ್ ತೆಗೆದು ಆ ಸಣ್ಣ ಪ್ರತಿಯನ್ನೇ ನೋಡಿದ್ದರು. ಒಂಬತ್ತು ಗಂಟೆಗೆ ಇನ್ನೊಮ್ಮೆ ನೋಡಿ ಅಂದೆ. ಆವತ್ತಿನಿಂದ ವೀಡಿಯೊವನ್ನು ಮೊದಲು ಅನ್‌ಲಿಸ್ಟೆಡ್, ಅಂದರೆ ಲಿಂಕ್ ಇದ್ದವರಿಗೆ ಮಾತ್ರ ಕಾಣುವ ಹಾಗೆ ಇಡುತ್ತೇನೆ. ಎಚ್‌ಡಿ ಬಂದ ಮೇಲೇ ಎಲ್ಲರಿಗೂ ಬಾಗಿಲು ತೆಗೆಯುವುದು.

ಆದರೆ ಒಂಬತ್ತು ಗಂಟೆಗೂ ಅದು ಪೂರ್ತಿ ಸರಿಯಾಗಿರಲಿಲ್ಲ. ಭಾಗವತರು ಚೆನ್ನಾಗಿ ಕಾಣುತ್ತಿದ್ದರು. ಅಭಿಮನ್ಯು ಮಂಡಿ ಹಾಕಲು, ಅಂದರೆ ಮೊಣಕಾಲೂರಿ ಸುತ್ತಲು ಶುರು ಮಾಡಿದ ಕೂಡಲೇ ವೇಷವೆಲ್ಲ ಚೌಕ ಚೌಕವಾಗಿ ಒಡೆದುಹೋಗುತ್ತಿತ್ತು. ನಿಂತಾಗ ಮುಖ, ತಿರುಗಿದಾಗ ಮೊಸರನ್ನ. ಆ ತಪ್ಪು ನನ್ನದೇ.

ನಾನು ಹಗಲು ಸೊಸೈಟಿಯಲ್ಲಿ ಲೆಕ್ಕ ಬರೆಯುವವಳು. ಶಿರಸಿ ಕಡೆಯ ಹಳ್ಳಿ ನಮ್ಮದು. ಅಪ್ಪ ಮದ್ದಳೆ ಬಾರಿಸುತ್ತಿದ್ದರು, ಹಾಗಾಗಿ ಆಟ, ಕೂಟ ಅಂದರೆ ಮನೆಯವರೆಲ್ಲ ಹೊರಟೇಬಿಡುತ್ತೇವೆ. ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ: ಆಟ ಅಂದರೆ ಯಕ್ಷಗಾನ, ಕೂಟ ಅಂದರೆ ತಾಳಮದ್ದಳೆ. ಆಟದಲ್ಲಿ ವೇಷ ಇದೆ, ಕುಣಿತ ಇದೆ. ಕೂಟದಲ್ಲಿ ಅರ್ಥಧಾರಿಗಳು, ಅಂದರೆ ಪಾತ್ರದ ಮಾತು ಆಡುವವರು, ಜುಬ್ಬಾ ಶಾಲಿನಲ್ಲಿ ಕುಳಿತು ಬರೀ ಮಾತಾಡುತ್ತಾರೆ. ಮೇಳದವರನ್ನೂ ಭಾಗವತರನ್ನೂ ಕೇಳಿಕೊಂಡು ನಾನು ಎರಡನ್ನೂ ರೆಕಾರ್ಡ್ ಮಾಡಿ ಹಾಕುತ್ತೇನೆ. ಎಡಿಟಿಂಗ್‌ಗೆ ಡಾವಿಂಚಿ ರಿಸಾಲ್ವ್, ದುಡ್ಡು ಕೊಡದ ಆವೃತ್ತಿ.

ಅದರಲ್ಲಿ ಕೊನೆಯ ಪುಟ ಡೆಲಿವರ್, ಎಡಿಟ್ ಮುಗಿದದ್ದನ್ನು ವೀಡಿಯೊ ಫೈಲ್ ಮಾಡಿ ಹೊರಗೆ ತೆಗೆಯುವ ಜಾಗ. ಅಲ್ಲಿ ಯೂಟ್ಯೂಬ್ ಅಂತಲೇ ಒಂದು ರೆಡಿ ಗುಂಡಿ ಇದೆ. ಮೊದಲ ಆರು ತಿಂಗಳು ನಾನು ಅದನ್ನೇ ಒತ್ತುತ್ತಿದ್ದೆ. ಕೆಟ್ಟದ್ದೇನಲ್ಲ. ಆದರೆ ಅದಕ್ಕೆ ನನ್ನ ವೀಡಿಯೊದಲ್ಲಿ ಅಭಿಮನ್ಯು ಇದ್ದಾನೋ, ಜುಬ್ಬಾ ಹಾಕಿ ಕುಳಿತ ಕೃಷ್ಣ ಇದ್ದಾನೋ ಗೊತ್ತಿಲ್ಲ. ನನ್ನ ಮನೆಯ ನೆಟ್ ಎಷ್ಟು ನಿಧಾನ ಅನ್ನುವುದಂತೂ ಮೊದಲೇ ಗೊತ್ತಿಲ್ಲ. ಪಕ್ಕದಲ್ಲೇ ಕಸ್ಟಮ್ ಎಕ್ಸ್‌ಪೋರ್ಟ್ ಅಂತ ಇನ್ನೊಂದಿದೆ. ಅದನ್ನು ತೆಗೆದರೆ ಹೆದರಿಕೆ ಆಗುವಷ್ಟು ಖಾನೆಗಳು. ನಿಜವಾಗಿ ಮುಟ್ಟಬೇಕಾದ್ದು ನಾಲ್ಕೈದು, ಅಷ್ಟೇ.

ಫಾರ್ಮ್ಯಾಟ್ ಎಂಪಿ4, ಕೋಡೆಕ್ (ವೀಡಿಯೊವನ್ನು ಒತ್ತಿ ಸಣ್ಣ ಮಾಡುವ ವಿಧಾನ) ಎಚ್.264. ಇದರಲ್ಲಿ ಯೋಚನೆ ಮಾಡುವುದೇನೂ ಇಲ್ಲ. ಎಚ್.265ರಲ್ಲಿ ಫೈಲ್ ಸಣ್ಣದಾಗುತ್ತದೆ ನಿಜ, ಆದರೆ ನನ್ನ ಹಳೆಯ ಲ್ಯಾಪ್‌ಟಾಪ್ ಅದನ್ನು ಮಾಡುವಷ್ಟರಲ್ಲಿ ಮುಂದಿನ ಆಟವೇ ಬಂದಿರುತ್ತದೆ. ಹೇಗೂ ನಾವು ಏನೇ ಕೊಟ್ಟರೂ ಯೂಟ್ಯೂಬ್ ಅದನ್ನು ಬಿಚ್ಚಿ ಮತ್ತೆ ತನ್ನ ಲೆಕ್ಕದಲ್ಲಿ ಕಟ್ಟುತ್ತದೆ. ನಾವು ಕಳಿಸುವುದು ಹಿಟ್ಟು, ದೋಸೆ ಹುಯ್ಯುವವರು ಅವರು. ಹಿಟ್ಟೇ ನೀರಾಗಿದ್ದರೆ ದೋಸೆ ಹೇಗೆ ಏಳಬೇಕು?

ಹಿಟ್ಟಿನ ಹದ ಅಂದರೆ ಬಿಟ್‌ರೇಟ್. ಒಂದು ಸೆಕೆಂಡಿನ ವೀಡಿಯೊಗೆ ಎಷ್ಟು ಮೆಗಾಬಿಟ್ ಖರ್ಚು ಮಾಡುತ್ತೀರಿ ಅನ್ನುವ ಲೆಕ್ಕ. ಸೆಕೆಂಡಿಗೆ 24, 25 ಅಥವಾ 30 ಫ್ರೇಮ್ (ಬಿಡಿ ಚಿತ್ರ) ಇರುವ 1080ಪಿ, ಅಂದರೆ ಫುಲ್ ಎಚ್‌ಡಿ ವೀಡಿಯೊಗೆ 8 ಎಂಬಿಪಿಎಸ್ ಕೊಡಿ ಅನ್ನುತ್ತದೆ ಯೂಟ್ಯೂಬಿನ ಸಲಹೆ. 50 ಅಥವಾ 60 ಫ್ರೇಮ್ ಆದರೆ 12. ನಾನು ಆ ಆಟಕ್ಕೆ ಕೊಟ್ಟಿದ್ದು 5. ಫೈಲ್ ಬೇಗ ಹೋಗಲಿ ಅಂತ.

ಈ 5 ಯಾಕೆ ಸಾಲಲಿಲ್ಲ ಅಂದರೆ, ವೀಡಿಯೊವನ್ನು ಒತ್ತಿ ಕಟ್ಟುವ ಎನ್‌ಕೋಡರ್ ಪ್ರತಿ ಫ್ರೇಮನ್ನೂ ಹೊಸದಾಗಿ ಬರೆಯುವುದಿಲ್ಲ. ಹಿಂದಿನ ಫ್ರೇಮಿಗೂ ಇದಕ್ಕೂ ಏನು ವ್ಯತ್ಯಾಸ ಅಂತ ನೋಡಿ ಅಷ್ಟನ್ನೇ ಬರೆದುಕೊಳ್ಳುತ್ತದೆ. ಏನೂ ಅಲುಗಾಡದಿದ್ದರೆ ಬರೆಯಲು ಏನೂ ಇಲ್ಲ. ನಮ್ಮ ಬಡಗುತಿಟ್ಟು ಶೈಲಿಯ ಮಂಡಿ ನೋಡಿದ್ದೀರಲ್ಲ? ಮೊಣಕಾಲ ಮೇಲೆ ಕೂತು ರಂಗಸ್ಥಳದ ತುಂಬ ಬುಗುರಿಯ ಹಾಗೆ ಸುತ್ತುವುದು. ಆಗ ಕಸೆ ಸೀರೆಯ ಸಣ್ಣ ಸಣ್ಣ ಚೌಕುಳಿ, ಕಿರೀಟದ ಮಣಿ, ಗೆಜ್ಜೆ, ಎದೆಕಟ್ಟು ಎಲ್ಲವೂ ಪ್ರತಿ ಫ್ರೇಮಿಗೂ ಜಾಗ ಬದಲಿಸುತ್ತವೆ. ಎನ್‌ಕೋಡರ್ ಪಾಪ ಎಷ್ಟು ಅಂತ ಬರೆದುಕೊಳ್ಳಬೇಕು? ಕೊಟ್ಟ ಕಾಗದ ಮುಗಿಯಿತು ಅಂದರೆ ಗೀಚಲು ಶುರು. ಆ ಗೀಚುವಿಕೆಯೇ ನಾನು ನೋಡಿದ ಚೌಕಗಳು.

ಕೂಟದಲ್ಲಿ ಇದರ ತದ್ವಿರುದ್ಧ. ನಾಲ್ಕು ಗಂಟೆ ಕ್ಯಾಮೆರಾ ಸ್ಟ್ಯಾಂಡಿನಿಂದ ಕದಲುವುದಿಲ್ಲ. ಹಿಂದೆ ಒಂದು ಬ್ಯಾನರ್, ಮುಂದೆ ಐದಾರು ಜನ. ಅಲುಗಾಡುವುದು ತುಟಿ, ಕೈ, ಆಗೊಮ್ಮೆ ಈಗೊಮ್ಮೆ ನೀರಿನ ಲೋಟ. ಇದಕ್ಕೆ 8 ಕೊಟ್ಟು ನೋಡಿದೆ, 3 ಕೊಟ್ಟು ನೋಡಿದೆ. ಟಿವಿಯಲ್ಲಿ ಎರಡನ್ನೂ ಹಾಕಿ ಅಪ್ಪನಿಗೆ ತೋರಿಸಿದೆ. ಅಪ್ಪ ವ್ಯತ್ಯಾಸ ಹೇಳುವುದು ಬಿಟ್ಟು ಅರ್ಥ ಕೇಳುತ್ತಾ ಕೂತರು. ಅಲ್ಲಿಗೆ ತೀರ್ಮಾನವಾಯಿತು.

ಈಗ ನೆಟ್ಟಿನ ಲೆಕ್ಕ. ನಮ್ಮ ಮನೆಗೆ ಬರುವ ಲೈನಿನಲ್ಲಿ ಡೌನ್‌ಲೋಡ್ ಪರವಾಗಿಲ್ಲ, ಅಪ್‌ಲೋಡ್ ಮಾತ್ರ ಸುಮಾರು 4 ಎಂಬಿಪಿಎಸ್. ಇದರಲ್ಲೊಂದು ಸುಲಭದ ಲೆಕ್ಕ ಇದೆ, ರಸೀದಿ ಪುಸ್ತಕದ ಹಿಂದೆ ಬರೆಯುತ್ತಿದ್ದಾಗ ಹೊಳೆದಿದ್ದು. ಬಿಟ್‌ರೇಟನ್ನು ಅಪ್‌ಲೋಡ್ ವೇಗದಿಂದ ಭಾಗಿಸಿ. ಉತ್ತರ ಒಂದು ಬಂದರೆ ವೀಡಿಯೊ ಎಷ್ಟು ಉದ್ದವೋ ಅಪ್‌ಲೋಡೂ ಅಷ್ಟೇ ಹೊತ್ತು. ಆಟಕ್ಕೆ 12 ಇಟ್ಟರೆ 12 ಭಾಗಿಸು 4, ಅಂದರೆ ಮೂರು ಪಟ್ಟು. ಮೂರು ಗಂಟೆಯ ಆಟ ಹೋಗಲು ಒಂಬತ್ತು ಗಂಟೆ. ಕೂಟಕ್ಕೆ 3 ಇಟ್ಟರೆ ನಾಲ್ಕು ಗಂಟೆಯ ಕೂಟ ಮೂರೇ ಗಂಟೆಯಲ್ಲಿ ಹೋಗುತ್ತದೆ. ಫೈಲ್ ಎಷ್ಟು ದೊಡ್ಡದು ಅಂತ ಬೇಕಿದ್ದರೆ ಬಿಟ್‌ರೇಟನ್ನು ಸೆಕೆಂಡಿನಿಂದ ಗುಣಿಸಿ 8ರಿಂದ ಭಾಗಿಸಿ, ಎಂಬಿ ಸಿಗುತ್ತದೆ. ಮೂರು ಗಂಟೆ ಅಂದರೆ 10,800 ಸೆಕೆಂಡು. 12ರ ಲೆಕ್ಕದಲ್ಲಿ 16,200 ಎಂಬಿ, ಅಂದರೆ 16 ಜಿಬಿ ಚಿಲ್ಲರೆ.

ಲೆಕ್ಕ ಬರೆಯುವವಳು ಅಂದೆನಲ್ಲ, ಹಾಗಂತ ತಪ್ಪು ಮಾಡಿಲ್ಲ ಅಂತಲ್ಲ. ರಿಸಾಲ್ವ್‌ನಲ್ಲಿ ಕ್ವಾಲಿಟಿ ಎದುರು 'ರಿಸ್ಟ್ರಿಕ್ಟ್ ಟು' ಅನ್ನುವ ಖಾನೆ ಇದೆ. ಅಲ್ಲಿ ಅಂಕಿ ಹಾಕಬೇಕಾದ್ದು ಮೆಗಾಬಿಟ್‌ನಲ್ಲಿ ಅಲ್ಲ, ಕಿಲೋಬಿಟ್‌ನಲ್ಲಿ. ಎಂಟು ಅಂದರೆ 8000. ಒಂದು ರಾತ್ರಿ ನಿದ್ದೆಗಣ್ಣಿನಲ್ಲಿ 80000 ಒತ್ತಿ ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ರೆಂಡರ್, ಅಂದರೆ ಫೈಲ್ ತಯಾರಿಸುವ ಕೆಲಸ ಅರ್ಧಕ್ಕೆ ನಿಂತಿದೆ, ಡಿಸ್ಕ್ ತುಂಬಿದೆ ಅಂತ ಕೆಂಪು ಅಕ್ಷರ. ಪೂರ್ತಿ ಆಗಿದ್ದರೆ 108 ಜಿಬಿ ಆಗುತ್ತಿತ್ತು. ಒಂದು ಸೊನ್ನೆಯ ಬೆಲೆ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು ಹೇಳಿ.

ಫ್ರೇಮ್ ರೇಟಿನದು ಇನ್ನೊಂದು ಕಥೆ. ಇದನ್ನು ಡೆಲಿವರ್ ಪುಟದಲ್ಲಿ ಸರಿ ಮಾಡುತ್ತೇನೆ ಅಂದರೆ ಆಗಲ್ಲ. ರಿಸಾಲ್ವ್‌ನಲ್ಲಿ ಹೊಸ ಪ್ರಾಜೆಕ್ಟ್ ತೆರೆದರೆ ತಾನಾಗಿ 24 ಫ್ರೇಮ್ ಇರುತ್ತದೆ. ನನ್ನ ಕ್ಯಾಮೆರಾದ್ದು 50. ಮೊದಲ ಕ್ಲಿಪ್ ಹಾಕುವಾಗ, ಫ್ರೇಮ್ ರೇಟ್ ಹೊಂದುತ್ತಿಲ್ಲ, ಬದಲಿಸಲಾ ಅಂತ ಕೇಳುತ್ತದೆ. ನಾನು ಓದದೆ ಬೇಡ ಅಂತ ಒತ್ತಿದ್ದೆ. ಒಮ್ಮೆ ಕ್ಲಿಪ್‌ಗಳು ಒಳಗೆ ಬಂದವು ಅಂದರೆ ಆ ಪ್ರಾಜೆಕ್ಟಿನ ರೇಟ್ ಬೀಗ ಹಾಕಿಕೊಳ್ಳುತ್ತದೆ. 50ರಲ್ಲಿ ಅರ್ಧಕ್ಕಿಂತ ಹೆಚ್ಚು ಫ್ರೇಮ್ ಬಿಸಾಡಿ, ಅದೂ ಸಮನಾಗಿ ಅಲ್ಲ, ಮಾಡಿದ ವೀಡಿಯೊದಲ್ಲಿ ಬಭ್ರುವಾಹನ ಒಡ್ಡೋಲಗಕ್ಕೆ (ರಂಗಪ್ರವೇಶಕ್ಕೆ) ಬಂದಿದ್ದು ಎತ್ತಿನ ಗಾಡಿಯಲ್ಲಿ ಬಂದ ಹಾಗಿತ್ತು. ಎರಡು ದಿನದ ಎಡಿಟಿಂಗ್ ಮತ್ತೆ ಮೊದಲಿನಿಂದ.

50 ಯಾಕೆ, 60 ಯಾಕಲ್ಲ ಅಂತ ಒಬ್ಬರು ಕೇಳಿದ್ದರು. ನಮ್ಮ ಕರೆಂಟು 50 ಹರ್ಟ್ಸ್. ರಂಗಸ್ಥಳದ ಟ್ಯೂಬು, ಅಗ್ಗದ ಎಲ್‌ಇಡಿ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಗೊತ್ತಾಗಲ್ಲ, ಕ್ಯಾಮೆರಾಕ್ಕೆ ಗೊತ್ತಾಗುತ್ತದೆ. 50 ಫ್ರೇಮ್ ಇಟ್ಟು ಶಟರ್ (ಪ್ರತಿ ಫ್ರೇಮಿಗೂ ಬೆಳಕು ಹಿಡಿಯುವ ಹೊತ್ತು) ನೂರರಲ್ಲಿ ಒಂದು ಸೆಕೆಂಡ್ ಇಟ್ಟರೆ ಎರಡೂ ತಾಳ ಹಾಕಿಕೊಂಡು ಹೋಗುತ್ತವೆ. ತಪ್ಪಿದರೆ ಪರದೆಯ ಮೇಲೆ ಪಟ್ಟೆ ಪಟ್ಟೆ ಹರಿಯುತ್ತವೆ, ಅದನ್ನು ಯಾವ ಎಕ್ಸ್‌ಪೋರ್ಟ್ ಸೆಟ್ಟಿಂಗೂ ಉಳಿಸಲ್ಲ. ಕೂಟವನ್ನು 25ರಲ್ಲೇ ತೆಗೆಯುತ್ತೇನೆ, ಸಾಕು.

ಬಣ್ಣದ ವಿಷಯದಲ್ಲಿ ನನಗೆ ಇನ್ನೂ ಸ್ವಲ್ಪ ಬೇಜಾರಿದೆ. ಕಸೆಯ ಕೆಂಪು ಅಂಚು ಯಾವಾಗಲೂ ಸ್ವಲ್ಪ ಹರಡಿದ ಹಾಗೆ ಕಾಣುತ್ತದೆ. ಮೊದಲು ಲೆನ್ಸ್ ಹಾಳಾಗಿದೆ ಅಂದುಕೊಂಡಿದ್ದೆ. ಈ ವೀಡಿಯೊಗಳಲ್ಲಿ ಬೆಳಕನ್ನು ಪ್ರತಿ ಪಿಕ್ಸೆಲ್‌ಗೂ ಬರೆದಿಡುತ್ತಾರೆ, ಬಣ್ಣವನ್ನು ನಾಲ್ಕು ಪಿಕ್ಸೆಲ್‌ಗೆ ಒಂದರಂತೆ. ಅಂದರೆ 1920ಕ್ಕೆ 1080ರ ಚಿತ್ರದಲ್ಲಿ ಬಣ್ಣದ ಪಾಲು ಬರೀ 960ಕ್ಕೆ 540. ಮುಖಕ್ಕೆ, ಗಿಡಕ್ಕೆ ಇದು ನಡೆಯುತ್ತದೆ. ಕಪ್ಪು ಪರದೆಯ ಮುಂದೆ ಕೆಂಪು, ಹಳದಿ ಚೌಕುಳಿ ಬಂದರೆ ಬಂಡವಾಳ ಬಯಲು.

1080ಪಿಯನ್ನೇ ಹಿಗ್ಗಿಸಿ ಯೂಟ್ಯೂಬಿಗೆ 1440ಪಿ ಮಾಡಿ ಹಾಕಿದರೆ ಚೆನ್ನಾಗಿ ಬರುತ್ತದೆ ಅನ್ನುವ ಉಪಾಯವನ್ನು ನಾನೂ ಮಾಡಿ ನೋಡಿದೆ. ಕಂಪ್ಯೂಟರಿನಲ್ಲಿ ವೀಡಿಯೊ ಮೇಲೆ ಬಲಗಡೆಯ ಗುಂಡಿ ಒತ್ತಿ 'ಸ್ಟ್ಯಾಟ್ಸ್ ಫಾರ್ ನರ್ಡ್ಸ್' ತೆಗೆದರೆ ಯಾವ ಕೋಡೆಕ್ ಅಂತ ಕಾಣುತ್ತದೆ. ನನ್ನ ಚಾನೆಲ್ಲಿನ 1080ಪಿ ವೀಡಿಯೊಗಳಲ್ಲಿ ಎವಿಸಿ1 (ಅದೇ ಎಚ್.264) ಅಂತ ಇತ್ತು, 1440ಪಿ ಹಾಕಿದ್ದರಲ್ಲಿ ವಿಪಿ09 (ವಿಪಿ9 ಅನ್ನುವ ಇನ್ನೊಂದು ಕೋಡೆಕ್) ಅಂತ ಬಂತು. ಮಂಡಿಯ ಭಾಗ ನಿಜವಾಗಿಯೂ ಜಾಸ್ತಿ ಸ್ವಚ್ಛವಾಗಿತ್ತು. ಮೂಲದಲ್ಲೇ ಇಲ್ಲದ ಬಣ್ಣ ಇದರಿಂದ ಹುಟ್ಟುವುದಿಲ್ಲ, ಆದರೆ ಯೂಟ್ಯೂಬ್ ಮತ್ತೆ ಕಟ್ಟುವಾಗ ಕಡಿಮೆ ಕೆಡುತ್ತದೆ. 50 ಫ್ರೇಮಿನ 1440ಪಿಗೆ 24 ಎಂಬಿಪಿಎಸ್ ಬೇಕು. ನನ್ನ ನೆಟ್ಟಿನಲ್ಲಿ ಪೂರ್ತಿ ಆಟಕ್ಕೆ ಹದಿನೆಂಟು ಗಂಟೆ! ಅಷ್ಟರಲ್ಲಿ ಕರೆಂಟು ಎರಡು ಸಲ ಹೋಗಿರುತ್ತದೆ. ಹಾಗಾಗಿ ಎಂಟು ನಿಮಿಷದ ಒಳ್ಳೆಯ ತುಣುಕುಗಳಿಗೆ ಮಾತ್ರ ಈ ಭಾಗ್ಯ, ಮುಕ್ಕಾಲು ಗಂಟೆ ಚಿಲ್ಲರೆಯಲ್ಲಿ ಹೋಗುತ್ತದೆ.

ಕರೆಂಟು ಅಂದಾಗ ನೆನಪಾಯಿತು. ಎಂಪಿ4 ಫೈಲಿನಲ್ಲಿ ಎಲ್ಲಿ ಏನಿದೆ ಅನ್ನುವ ಪರಿವಿಡಿ ಸಾಮಾನ್ಯವಾಗಿ ಕೊನೆಗೆ ಬರೆಯುವುದು. ರೆಂಡರ್ ಮಧ್ಯೆ ಕರೆಂಟು ಹೋದರೆ ಒಳಗೆ ಹತ್ತು ಜಿಬಿ ಇದ್ದರೂ ಫೈಲ್ ತೆರೆಯುವುದಿಲ್ಲ. ಮಳೆಗಾಲದಲ್ಲಿ ನಾನು ಲ್ಯಾಪ್‌ಟಾಪ್ ಬ್ಯಾಟರಿ ಪೂರ್ತಿ ತುಂಬಿಸಿ, ಒಂದೊಂದು ಗಂಟೆಯ ಮೂರು ಭಾಗ ಮಾಡಿಯೇ ರೆಂಡರ್ ಹಾಕುವುದು. 'ನೆಟ್‌ವರ್ಕ್ ಆಪ್ಟಿಮೈಸೇಶನ್' ಅಂತ ಒಂದು ಟಿಕ್ ಇದೆ, ಹಾಕಿದರೆ ಆ ಪರಿವಿಡಿ ಫೈಲಿನ ಮೊದಲಿಗೆ ಬರುತ್ತದೆ. ಯೂಟ್ಯೂಬ್ ಸಲಹೆಯೂ ಅದೇ. ಕರೆಂಟಿಗೆ ಅದು ಮದ್ದಲ್ಲ.

ಸದ್ದಿನ ಬಗ್ಗೆ ಯಾರೂ ಬರೆಯುವುದಿಲ್ಲ, ಆದರೆ ನಮ್ಮಲ್ಲಿ ಜನ ಮೊದಲು ಬೈಯುವುದು ಅದಕ್ಕೇ. ಸದ್ದಿನ ಕೋಡೆಕ್ ಎಎಸಿ, 48 ಕಿಲೋಹರ್ಟ್ಸ್, 320 ಕೆಬಿಪಿಎಸ್. ಇದಿಷ್ಟು ಸುಲಭ. ಚೆಂಡೆ ಮಾತ್ರ ಸುಲಭವಲ್ಲ. ಪೆಟ್ಟು ಬಿದ್ದ ಕ್ಷಣ ಮೀಟರ್ ತುದಿ ಮುಟ್ಟುತ್ತದೆ, ಅದಾದ ಮೇಲೆ ಭಾಗವತರ ಪದ್ಯ ಪಾತಾಳದಲ್ಲಿ. ಯೂಟ್ಯೂಬ್ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್‌ಗಿಂತ (ಸದ್ದು ಕಿವಿಗೆ ಎಷ್ಟು ಜೋರು ಅನ್ನುವ ಅಳತೆ) ಜೋರಾದ ಸದ್ದನ್ನು ತಗ್ಗಿಸುತ್ತದೆ, ಮೆಲ್ಲಗಿದ್ದುದನ್ನು ಏರಿಸುವುದಿಲ್ಲ. ಹಾಗಾಗಿ ಚೆಂಡೆಯ ತುದಿಯನ್ನು ಲಿಮಿಟರ್ ಹಾಕಿ ಮೈನಸ್ 1 ಡೆಸಿಬೆಲ್‌ಗೆ ತಡೆದು, ಉಳಿದದ್ದನ್ನು ನಾನೇ ಎತ್ತಿ ಕೊಡುತ್ತೇನೆ. ಒಮ್ಮೆ ಮಿಕ್ಸರಿನಿಂದ ಬಂದ ವಯರು ಎಡಗಡೆಗೆ ಮಾತ್ರ ಸಿಕ್ಕಿತ್ತು. ಅದನ್ನು ನೋಡದೆ ಹಾಗೇ ಹಾಕಿಬಿಟ್ಟೆ. ಅತ್ತೆ ಒಂದೇ ಕಿವಿಗೆ ಇಯರ್‌ಫೋನ್ ಹಾಕಿ ಕೆಲಸ ಮಾಡುತ್ತಾ ಕೇಳುವವರು, ಅದೂ ಬಲಗಿವಿಗೆ. "ಭಾಗವತರು ಬಂದೇ ಇರಲಿಲ್ಲವಾ?" ಅಂತ ಕೇಳಿದರು.

ಶಾರ್ಟ್ಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಡ್ಡ ತೆಗೆದ 1080ಪಿಯನ್ನು ಉದ್ದಕ್ಕೆ ಕತ್ತರಿಸಿದರೆ ಉಳಿಯುವುದು 608 ಪಿಕ್ಸೆಲ್ ಅಗಲ, ಅದನ್ನು ಎಳೆದು 1080 ಮಾಡಿದರೆ ಹಪ್ಪಳ. ಚಿಕ್ಕಮ್ಮನ ಮಗನ ಕೈಗೆ ಫೋನ್ ಕೊಟ್ಟು ನೆಟ್ಟಗೆ ಹಿಡಿಯಲು ಹೇಳುತ್ತೇನೆ. ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದಿದ್ದರೆ ಡಾಕ್ಯುಮೆಂಟ್ ಅಂತಲೇ ಕಳಿಸಿ, ವೀಡಿಯೊ ಅಂತ ಕಳಿಸಿದರೆ ಅದು ಹಿಂಡಿ ಹಾಕುತ್ತದೆ.

ಈಗ ನನ್ನ ರಿಸಾಲ್ವ್‌ನಲ್ಲಿ ಮೂರು ಪ್ರಿಸೆಟ್ (ಸಿದ್ಧ ಸೆಟ್ಟಿಂಗ್) ಉಳಿಸಿಟ್ಟಿದ್ದೇನೆ: ಆಟ, ಕೂಟ, ತುಣುಕು. ಮೊನ್ನೆ ಹಳೆಯ ಆ ಅಭಿಮನ್ಯುವನ್ನೇ 'ಆಟ'ದಲ್ಲಿ ಮತ್ತೆ ರೆಂಡರ್ ಮಾಡಿ ಹಾಕಿದೆ. ಒಂಬತ್ತು ಗಂಟೆ ಹಿಡಿಯಿತು. ಎಚ್‌ಡಿ ಬರುವವರೆಗೂ ಯಾರಿಗೂ ಲಿಂಕ್ ಕೊಡಲಿಲ್ಲ. ಮಾರನೇ ದಿನ ಮತ್ತೆ ಆರೂಕಾಲಿಗೆ ಫೋನು.

"ಈಗ ಚೊಲೋ ಕಾಣ್ತು ಕೂಸೇ. ಎರಡನೇ ಮಂಡಿಲಿ ಅವ ತಾಳ ತಪ್ಪಿದ್ದ, ನೋಡಿದ್ಯ?"